ಬೀಗದ ಕೈಯನ್ನು ಬೇಡುವ ಕಳ್ಳರು

ಪೆಟ್ಟಿಗೆಯ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡಿರುವುದು ನಮ್ಮ ಸೀಮೆಯ ಗೃಹಿಣಿಯರ ಹಳೆಯ ವಾಡಿಕೆ. ಪೆಟ್ಟಿಗೆಯಲ್ಲಿ ಏನಿದೆಯೆಂಬುದು ನೆರೆಹೊರೆಗೆ ತಿಳಿದಿದ್ದರೂ ಇರಬಹುದು. ಬೀಗದ ಕೈಯು ಮಾತ್ರ ಪರರ ವಶವಾಗಕೂಡದು ಎಂಬುದೇ ಅವರ ನಿಯಮ. ಈಗಲಾದರೋ ಪೆಟ್ಟಿಗೆಯು ಮನೆಯೊಳಗಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ರೇಷ್ಮೆಗೂಡಿನ ಹಣವೂ, ಕನಕಪುರದ ಕಡೆಯ ಹಳ್ಳಿಗಳಲ್ಲಿ ಡೈರಿಗೆ ಹಾಲು ಹಾಕುವವರಿಗೆ ಸರಕಾರವು ಕೊಡುವ ಪ್ರೋತ್ಸಾಹಧನವೂ, 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಹಣವೂ ನೇರವಾಗಿ ಬ್ಯಾಂಕಿನ ಖಾತೆಯನ್ನೇ ಸೇರುತ್ತವೆ. ಆ ಖಾತೆಯ ಬೀಗದ ಕೈಯೆಂದರೆ ಮೊಬೈಲಿನಲ್ಲಿ ಒತ್ತುವ ಕೆಲವು ಅಂಕೆಗಳು ಮಾತ್ರ. ಅನೇಕ ಮನೆಗಳಲ್ಲಿ ತಾಯಿಗೂ ಅಜ್ಜಿಗೂ ಮೊಬೈಲಿಗೆ ಬಂದ ಸಂದೇಶವನ್ನು ಓದಿ ಹೇಳತಕ್ಕವಳು ಶಾಲೆಗೆ ಹೋಗುವ ಮಗಳೇ. ಆದಕಾರಣ ಈ ಬೀಗದ ಕೈಯನ್ನು ಕಾಯುವ ಬಗೆಯನ್ನು ವಿದ್ಯಾರ್ಥಿನಿಯರು ಮೊದಲು ಅರಿತಿರುವುದು ಯುಕ್ತವಾಗಿದೆ.

ಇಂತಹ ಖಾತೆಗಳಿಗೆ ಕನ್ನವಿಕ್ಕುವ ಮಾರ್ಗಗಳು ಮುಖ್ಯವಾಗಿ ಎರಡು. ಕೋಟೆಯ ಗೋಡೆಯನ್ನು ಒಡೆದು ನುಗ್ಗುವುದು ಒಂದು. ಒಳಗಿರುವವರ ಕೈಯಿಂದಲೇ ಬಾಗಿಲು ತೆಗೆಯಿಸುವುದು ಇನ್ನೊಂದು.

ಮೊದಲನೆಯದಕ್ಕೆ ಮಾಗಡಿಯ ಸಮೀಪದ ಸಾವನದುರ್ಗವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಅಭೇದ್ಯವೆಂದು ಹೆಸರಾಗಿದ್ದ ಆ ಗಿರಿದುರ್ಗವನ್ನು 1791ರ ಡಿಸೆಂಬರಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಮುತ್ತಿ, ದಿನಗಟ್ಟಲೆ ಗುಂಡು ಹೊಡೆದು ಗೋಡೆಯನ್ನು ಬಿರಿಯಿಸಿ, 21ರಂದು ಒಳನುಗ್ಗಿತು. ಕಳ್ಳರ ಕಂಪ್ಯೂಟರೂ ಹಾಗೆಯೇ ದಣಿವಿಲ್ಲದೆ ಒಂದಾದ ಮೇಲೊಂದರಂತೆ ಪಾಸ್‌ವರ್ಡುಗಳನ್ನು ಊಹಿಸಿ ಬಡಿಯುತ್ತಿರುತ್ತದೆ. ಆ ಪೆಟ್ಟಿಗೆ ನಮ್ಮ ಗೋಡೆಯು ಎಷ್ಟು ಹೊತ್ತು ನಿಲ್ಲುವುದೆಂಬುದು ಬರಿಯ ಗಣಿತದ ಮಾತು. ಎಂಟು ಅಂಕೆಗಳನ್ನು ಮನಬಂದಂತೆ ಜೋಡಿಸುವುದಾದರೆ 10 ಕೋಟಿ ಬಗೆಗಳುಂಟು. ಆದರೆ ಆ ಎಂಟು ಅಂಕೆಗಳು ಜನ್ಮದಿನಾಂಕವೆಂದು ಕಳ್ಳನು ಊಹಿಸಿದನೋ, ಅರುವತ್ತು ವರ್ಷಗಳ ದಿನಗಳೆಲ್ಲವೂ ಸೇರಿ 22,000ಕ್ಕೆ ಮೀರಲಾರವು. ಅದಕ್ಕೆ ಬದಲು ಇಂಗ್ಲಿಷಿನ ಎಂಟು ಸಣ್ಣ ಅಕ್ಷರಗಳನ್ನು ಕ್ರಮವಿಲ್ಲದೆ ಇಟ್ಟರೆ 20,000 ಕೋಟಿಗೂ ಹೆಚ್ಚು ಬಗೆಗಳಾಗುತ್ತವೆ. ಮುಂದೆ ಸೇರಿಸುವ ಒಂದೊಂದು ಅಕ್ಷರಕ್ಕೂ ಆ ಸಂಖ್ಯೆಯು 26ರಷ್ಟು ಪಾಲು ಬೆಳೆಯುವುದು.

ಇದರಿಂದ ತಿಳಿಯತಕ್ಕುದೇನೆಂದರೆ, ಪಾಸ್‌ವರ್ಡಿಗೆ ಉದ್ದವೇ ಬಲ. ತನ್ನ ಹೆಸರು, ಊರು, ಮೊಬೈಲಿನ ನಂಬರು ಇವು ಊರಿಗೆಲ್ಲ ತಿಳಿದವಾದುದರಿಂದ ಸಲ್ಲವು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಕೂಡಿಸಿದರೆ ಉದ್ದವೂ ಆಗುವುದು, ನೆನಪಿನಲ್ಲಿಯೂ ನಿಲ್ಲುವುದು. ಬುಗುರಿ, ಬಂಡೆ, ಮಜ್ಜಿಗೆ, ನವಿಲು ಎಂಬಂತೆ ಎಂದಿಟ್ಟುಕೊಳ್ಳಿರಿ. ಆದರೆ ಇಲ್ಲಿ ಅಚ್ಚಾಗಿರುವುದನ್ನೇ ಇಡಬೇಡಿರಿ! ಒಂದೊಂದು ಖಾತೆಗೂ ಬೇರೆಬೇರೆ ಪಾಸ್‌ವರ್ಡು ಇರತಕ್ಕುದು. ಎಲ್ಲಿಯೋ ಒಂದು ಅಂಗಡಿಯ ದಾಖಲೆಗಳು ಕಳುವಾದರೆ, ಕಳ್ಳರು ಅದೇ ಪಾಸ್‌ವರ್ಡನ್ನು ಬ್ಯಾಂಕಿಗೂ ಇಮೇಲಿಗೂ ಹಾಕಿ ನೋಡುವುದುಂಟು. ಇಮೇಲನ್ನಂತೂ ಅತ್ಯಂತ ಜೋಪಾನವಾಗಿ ಕಾಯಬೇಕು. ಇತರ ಖಾತೆಗಳ ಪಾಸ್‌ವರ್ಡು ಮರೆತಾಗ ಹೊಸದನ್ನು ಇಡುವ ಪತ್ರವು ಬರುವುದು ಅಲ್ಲಿಗೇ ಅಲ್ಲವೇ? ಎರಡು ಹಂತದ ಪರಿಶೀಲನೆಯೆಂಬ ಏರ್ಪಾಡು ಇದ್ದಲ್ಲಿ ಅದನ್ನು ತಪ್ಪದೆ ಇಟ್ಟುಕೊಳ್ಳಬೇಕು. ಅದು ಹೊರಬಾಗಿಲಿನ ಹಿಂದೆ ಇನ್ನೊಂದು ಬಾಗಿಲಿದ್ದಂತೆ.

ಗೋಡೆಯು ಎಷ್ಟೇ ಬಲವಾಗಿರಲಿ, ಒಳಗಿನವರೇ ಬಾಗಿಲು ತೆಗೆದರೆ ಏನು ಫಲ? ಎರಡನೆಯ ಮಾರ್ಗವು ಇದೇ. ಇದಕ್ಕೆ ಇಂಗ್ಲಿಷಿನಲ್ಲಿ ಫಿಷಿಂಗ್ ಎನ್ನುವರು. ಕಾಗುಣಿತವು ಬೇರೆಯಾದರೂ ಗಾಳವಿಟ್ಟು ಮೀನು ಹಿಡಿಯುವುದೆಂಬ ಅರ್ಥದಿಂದಲೇ ಬಂದ ಮಾತು. ಗಾಳಕ್ಕೆ ಚುಚ್ಚುವ ಎರೆಯು ದಿನಕ್ಕೊಂದು. ಖಾತೆಯು ಈ ರಾತ್ರಿಯೇ ನಿಂತುಹೋಗುವುದೆನ್ನಬಹುದು. ಯೋಜನೆಯ ಹಣಕ್ಕೆ ಹೊಸ ಅರ್ಜಿ ಬೇಕೆನ್ನಬಹುದು. 2007ರಲ್ಲಿ ರಾಮನಗರ ಜಿಲ್ಲೆಯಾದ ನಮ್ಮ ಸೀಮೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದುದನ್ನೇ ನೆವಮಾಡಿ ದಾಖಲೆ ತಿದ್ದಬೇಕೆಂದೂ ಹೇಳಬಹುದು. ಮದುವೆಯ ಕರೆಯೋಲೆಯೆಂದೋ ವಾಹನದ ದಂಡದ ಚೀಟಿಯೆಂದೋ ವಾಟ್ಸಾಪಿನಲ್ಲಿ ಎ.ಪಿ.ಕೆ. ಎಂಬ ಕಡತವನ್ನು ಕಳುಹಿಸುವುದೂ ಉಂಟು. ಅದನ್ನು ಮೊಬೈಲಿನಲ್ಲಿ ಸ್ಥಾಪಿಸಿದರೆ ನಮಗೆ ಬರುವ ಸಂದೇಶಗಳು ಕಳ್ಳನ ಕಣ್ಣಿಗೆ ಬೀಳಬಲ್ಲವು. ನೆವಗಳು ಎಷ್ಟಾದರೂ ಇರಲಿ, ಅವುಗಳ ಜೀವಾಳ ಎರಡೇ: ಅವಸರ ಮತ್ತು ಭಯ. ಯೋಚಿಸುವುದಕ್ಕೂ ಮನೆಯವರನ್ನು ಕೇಳುವುದಕ್ಕೂ ಅವಕಾಶ ಕೊಡದೆ ಯಾರಾದರೂ ತ್ವರೆಪಡಿಸಿದರೆ, ಅದೇ ಮೋಸದ ಗುರುತೆಂದು ತಿಳಿಯಿರಿ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಚನ್ನಪಟ್ಟಣದಲ್ಲಿ ಅರಗಿನ ಬೊಂಬೆಗಳನ್ನು ಮಾರುವ ಒಬ್ಬಾಕೆಗೆ ದೂರದ ಕೊಳ್ಳುಗನೊಬ್ಬನು ಫೋನು ಮಾಡಿ, ಬೆಲೆಯನ್ನೂ ಚೌಕಾಸಿ ಮಾಡದೆ ಒಪ್ಪಿ, "ಅಮ್ಮಾ, ಮುಂಗಡ ಕಳುಹಿಸುತ್ತೇನೆ, ಈ ಕ್ಯೂ.ಆರ್. ಚಿತ್ರವನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ನನ್ನು ಒತ್ತಿರಿ" ಎನ್ನುವನೆಂದು ಭಾವಿಸೋಣ. 2016ರಲ್ಲಿ ಆರಂಭವಾದ ಯು.ಪಿ.ಐ. ಪದ್ಧತಿಯಲ್ಲಿ ಪಿನ್ನು ಬೇಕಾಗುವುದು ಹಣವನ್ನು ಕೊಡುವುದಕ್ಕೆ ಮತ್ತು ಉಳಿಕೆಯನ್ನು ನೋಡುವುದಕ್ಕೆ; ಹಣವನ್ನು ಪಡೆಯುವುದಕ್ಕೆ ಅದು ಎಂದಿಗೂ ಬೇಡ. ಈ ಒಂದು ಸಂಗತಿಯನ್ನು ಬಲ್ಲವಳು ಆ ಕ್ಷಣದಲ್ಲಿಯೇ ಫೋನು ಕೆಳಗಿಡುವಳು. ಹಾಗೆಯೇ ಓ.ಟಿ.ಪಿ.ಯನ್ನು ಯಾರಿಗೂ, ಬ್ಯಾಂಕಿನವರೆಂದು ಹೇಳಿಕೊಳ್ಳುವವರಿಗೂ, ಹೇಳತಕ್ಕುದಲ್ಲ. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ, ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ನಾವೇ ಫೋನು ಮಾಡಿ ವಿಚಾರಿಸಬೇಕು. ಭಾರತದ ಬ್ಯಾಂಕುಗಳ ಜಾಲತಾಣದ ವಿಳಾಸಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವಂತೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಬ್ಯಾಂಕಿನ ಹೆಸರು ವಿಳಾಸದ ನಡುವೆ ಎಲ್ಲಿಯೋ ಕಂಡಮಾತ್ರಕ್ಕೆ ನಂಬಬಾರದು.

ಇಷ್ಟು ಎಚ್ಚರವಿದ್ದರೂ ಬುದ್ಧಿವಂತರು ಮೋಸಹೋಗುವುದುಂಟು. ಆಗ ಏನು ಮಾಡಬೇಕೆಂಬುದೇ ಈ ಲೇಖನದ ಮುಖ್ಯಾಂಶ. ಹುಡುಗಿಯು ತಂದೆಯ ಬೈಗುಳಕ್ಕೆ ಹೆದರಿ, ಸೊಸೆಯು ಅತ್ತೆಯ ಮಾತಿಗೆ ಅಂಜಿ ಬಾಯಿಮುಚ್ಚಿಕೊಂಡರೆ, ಆ ಮೌನವೇ ಕಳ್ಳನಿಗೆ ಸಹಾಯಕ. ಕಳುವಾದ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹರಿಯುತ್ತಿರುವಾಗಲೇ ಅದನ್ನು ತಡೆಹಿಡಿಯಬೇಕು. ಇದಕ್ಕಾಗಿ ಪೋಲೀಸರನ್ನೂ ಬ್ಯಾಂಕುಗಳನ್ನೂ ಕೂಡಿಸುವ ಏರ್ಪಾಡು 2021ರಲ್ಲಿ ಆರಂಭವಾಯಿತು. ಅದರ ಫೋನು ನಂಬರು 1930. 'ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್' ಎಂಬ ಸರಕಾರದ ತಾಣದಲ್ಲಿಯೂ ದೂರು ಕೊಡಬಹುದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ಇದೇ ನೀತಿಯನ್ನು ಸಾರಿತು: ಖಾತೆದಾರನು ತಾನೇ ಗುಟ್ಟನ್ನು ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಒಂದು ಗಳಿಗೆಯ ಸಂಕೋಚಕ್ಕೆ ಎಷ್ಟು ಬೆಲೆಯೆಂಬುದನ್ನು ಇದರಿಂದ ಊಹಿಸಬಹುದು.

ಆದುದರಿಂದ ಹಿರಿಯರಲ್ಲಿ ಒಂದು ವಿಜ್ಞಾಪನೆ. ಮೋಸಹೋದ ಮಗಳನ್ನು ಗದರಿಸುವುದಕ್ಕೆ ಮೊದಲು 1930ಕ್ಕೆ ಫೋನು ಮಾಡಿರಿ. ಕಂಪ್ಯೂಟರಿನ ಮೂಲಕ ವೇಷ ಮರೆಸಿ ವಂಚಿಸುವವನಿಗೆ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66-ಡಿ ಪ್ರಕರಣವು ಮೂರು ವರ್ಷಗಳವರೆಗೆ ಸೆರೆಯನ್ನು ವಿಧಿಸುತ್ತದೆ. ಕಾನೂನಿನ ಕಣ್ಣಿಗೆ ಅಪರಾಧಿಯು ಅವನೇ ಹೊರತು ಮೋಸಹೋದವಳಲ್ಲ. ಮನೆಯವರ ಕಣ್ಣಿಗೂ ಹಾಗೆಯೇ ಕಾಣಲಿ.

ಸೋದರಿಯರೇ, ಎರಡು ಮಾತುಗಳನ್ನು ಮರೆಯದಿರಿ. ಗುಟ್ಟನ್ನು ಪರರಿಗೆ ಹೇಳಬೇಡಿರಿ. ಮೋಸವನ್ನು ಮನೆಯವರಿಗೆ ಹೇಳದಿರಬೇಡಿರಿ.