ರಿಪೇರಿ ಎಂಬ ನಾಗರಿಕ ವಿದ್ಯೆ

ಹ್ಯಾಕರ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಬ್ಯಾಂಕಿನ ಖಾತೆಗೆ ಕನ್ನ ಹಾಕುವ, ಕಣ್ಣಿಗೆ ಕಾಣದ ಕಳ್ಳನ ಚಿತ್ರ. ತಾಂತ್ರಿಕ ಲೋಕದಲ್ಲಿ ಆ ಪದಕ್ಕೆ ಮೊದಲಿದ್ದ ಅರ್ಥ ಅದಲ್ಲ. ಅಮೆರಿಕದ ಎಂಐಟಿಯಲ್ಲಿ 1950ರ ದಶಕದ ಕೊನೆಯ ಹೊತ್ತಿಗೆ ಮಾದರಿ ರೈಲುಗಳನ್ನು ಕಟ್ಟುತ್ತಿದ್ದ ವಿದ್ಯಾರ್ಥಿಗಳ ಕೂಟವೊಂದಿತ್ತು. ಯಂತ್ರವನ್ನು ಬಿಚ್ಚಿ, ಅದರ ಮರ್ಮವನ್ನರಿತು, ಜಾಣತನದಿಂದ ಸುಧಾರಿಸುವುದನ್ನು ಅವರು ‘ಹ್ಯಾಕ್’ ಎನ್ನುತ್ತಿದ್ದರು. ಈ ಅರ್ಥವನ್ನೇ ಉಳಿಸಿಕೊಂಡು ಹುಟ್ಟಿದವು ಹ್ಯಾಕರ್‌ಸ್ಪೇಸ್‌ಗಳು. ಬರ್ಲಿನ್ ನಗರದಲ್ಲಿ 1995ರಲ್ಲಿ ಆರಂಭವಾದ ಸಿ-ಬೇಸ್ ಅವುಗಳ ಪೈಕಿ ಹಿರಿಯದು. ಕೆಲವರು ಕೂಡಿ ವಂತಿಗೆ ಹಾಕಿ ಒಂದು ಜಾಗ ಹಿಡಿಯುತ್ತಾರೆ. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಡ್ರಿಲ್ಲುಗಳನ್ನು ಹಂಚಿಕೊಳ್ಳುತ್ತಾರೆ. ಬಲ್ಲವರು ಕಲಿಸುತ್ತಾರೆ, ಬಾರದವರು ಕಲಿಯುತ್ತಾರೆ. ವಿಷಯ ಇಷ್ಟೇ.

ನಮ್ಮ ಬೆಂಗಳೂರಿಗೆ ಈ ಕಲ್ಪನೆ ಹೊಸತೇನಲ್ಲ. 2010ರ ದಶಕದಲ್ಲಿ ಹಲಸೂರು ಮೆಟ್ರೊ ನಿಲ್ದಾಣದ ಕೆಳಗೆ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್ ಎಂಬ ಇಂತಹುದೇ ತಾಣ ತಲೆಯೆತ್ತಿತ್ತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2009ರಲ್ಲಿ ಪತ್ರಕರ್ತೆ ಮಾರ್ಟೀನ್ ಪೋಸ್ಟ್ಮಾ ಆರಂಭಿಸಿದ ‘ರಿಪೇರ್ ಕೆಫೆ’ಯ ಬೆಂಗಳೂರು ಆವೃತ್ತಿ 2015ರಲ್ಲಿ ಶುರುವಾಯಿತು. ನಿವೃತ್ತಿಯ ನಂತರ ನಾನೂ ಇಂತಹ ಒಂದು ಸಮುದಾಯ ಕಾರ್ಯಾಗಾರಕ್ಕೆ ಭಾನುವಾರಗಳಂದು ಹೋಗಿ ಬರುತ್ತಿದ್ದೇನೆ. ಅರ್ಥಶಾಸ್ತ್ರ ಓದಿ, ಕಡತಗಳ ನಡುವೆ ಮೂರು ದಶಕ ಕಳೆದವನಿಗೆ ಅಲ್ಲಿ ಕಂಡದ್ದು ಕೇವಲ ಹವ್ಯಾಸಿಗಳ ಕೂಟವಲ್ಲ. ಮಾರುಕಟ್ಟೆ ಕೈಚೆಲ್ಲಿದ ಒಂದು ಕೆಲಸವನ್ನು ಸಮಾಜ ಎತ್ತಿಕೊಳ್ಳುವ ಬಗೆ.

ನಮ್ಮ ಮನೆಯ ಮಿಕ್ಸಿಯ ಉದಾಹರಣೆಯನ್ನೇ ನೋಡಬಹುದು. ಅದು ನಿಂತುಹೋದಾಗ ಸೇವಾ ಕೇಂದ್ರವೊಂದರಲ್ಲಿ ಮೋಟಾರನ್ನೇ ಬದಲಾಯಿಸಬೇಕೆಂದರು. ಅವರು ಹೇಳಿದ ದರ ಹೊಸ ಮಿಕ್ಸಿಯ ಬೆಲೆಯ ಅರ್ಧಕ್ಕಿಂತ ಹೆಚ್ಚಿತ್ತು. ಕಾರ್ಯಾಗಾರದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಅದನ್ನು ತಾನೇ ಬಿಚ್ಚಲಿಲ್ಲ. ಸ್ಕ್ರೂಡ್ರೈವರನ್ನು ನನ್ನ ಕೈಗೇ ಕೊಟ್ಟು, ‘ನೀವೇ ಬಿಚ್ಚಿ ಸರ್, ನಾನು ಹೇಳ್ತೀನಿ’ ಎಂದಳು. ಒಳಗೆ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಎರಡು ಕಾರ್ಬನ್ ಬ್ರಷ್‌ಗಳು ಸವೆದು ಗಿಡ್ಡವಾಗಿದ್ದವು. ಎಸ್.ಪಿ. ರಸ್ತೆಯಲ್ಲಿ ಆ ಜೋಡಿಗೆ ನೂರು ರೂಪಾಯಿಯೂ ಆಗಲಿಲ್ಲ. ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಗೃಹಿಣಿ ತಂದ ಮಿಕ್ಸಿಗೆ ಯಾವ ರೋಗವೂ ಇರಲಿಲ್ಲ. ಹಿಟ್ಟು ಗಟ್ಟಿಯಾಗಿ ಮೋಟಾರಿನ ಮೇಲೆ ಭಾರ ಹೆಚ್ಚಿದಾಗ ತಾನಾಗಿ ವಿದ್ಯುತ್ ಕಡಿದುಕೊಳ್ಳುವ, ತಳಭಾಗದ ಕೆಂಪು ಗುಂಡಿಯನ್ನು ಒತ್ತಿದ್ದೇ ತಡ, ಅದು ಗುಡುಗತೊಡಗಿತು. ಆ ಗುಂಡಿಯ ಬಗ್ಗೆ ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಇಲ್ಲಿಗೆ ಬರುವ ಬಹುಪಾಲು ವಸ್ತುಗಳ ಕಥೆ ಹೀಗೆಯೇ. ಕೆಟ್ಟ ಎಲ್‌ಇಡಿ ಬಲ್ಬಿನಲ್ಲಿ ಸಾಲಾಗಿ ಜೋಡಿಸಿದ ಚುಕ್ಕೆಗಳಲ್ಲಿ ಒಂದು ಸುಟ್ಟಿದ್ದರೂ ಸಾಲು ಪೂರ್ತಿ ಕತ್ತಲು. ಹಳೆಯ ಟಿವಿಯಲ್ಲಿ ತಲೆ ಉಬ್ಬಿದ ಒಂದು ಕೆಪಾಸಿಟರ್. ರೇಡಿಯೊದಲ್ಲಿ ಬಿರುಕು ಬಿಟ್ಟ ಒಂದು ಬೆಸುಗೆ. ವಸ್ತುವಿನ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಗಟ್ಟಿಮುಟ್ಟಾಗಿದ್ದು, ಒಂದೇ ಒಂದು ಬಿಡಿಭಾಗ ಸೋತಿರುತ್ತದೆ. ಆದರೂ ಇಡೀ ವಸ್ತು ಕಸದ ಬುಟ್ಟಿ ಸೇರುತ್ತದೆ. ಏಕೆ?

ಇದರ ಹಿಂದೆ ದುರುದ್ದೇಶವೂ ಇರಬಹುದು, ಇದ್ದದ್ದೂ ಉಂಟು. 1920ರ ದಶಕದಲ್ಲಿ ಪ್ರಮುಖ ಬಲ್ಬು ತಯಾರಕರು ಫೀಬಸ್ ಎಂಬ ಒಕ್ಕೂಟ ಕಟ್ಟಿಕೊಂಡು, ಬಲ್ಬಿನ ಆಯುಷ್ಯವನ್ನು ಒಂದು ಸಾವಿರ ಗಂಟೆಗಳಿಗೆ ಇಳಿಸಿದ್ದು ಇತಿಹಾಸ. ಆದರೆ ಅದಕ್ಕಿಂತ ಆಳವಾದ ಕಾರಣವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ಬೌಮಲ್ 1960ರ ದಶಕದಲ್ಲಿಯೇ ಗುರುತಿಸಿದ್ದರು. ಕಾರ್ಖಾನೆಯಲ್ಲಿ ಯಂತ್ರಗಳ ಬಲದಿಂದ ಒಬ್ಬ ಕಾರ್ಮಿಕನ ಉತ್ಪಾದನೆ ವರ್ಷ ವರ್ಷಕ್ಕೂ ಏರುತ್ತದೆ, ವಸ್ತು ಅಗ್ಗವಾಗುತ್ತದೆ. ಮನುಷ್ಯನೇ ಕುಳಿತು ಮಾಡಬೇಕಾದ ಸೇವೆಯಲ್ಲಿ ಆ ವೇಗವಿಲ್ಲ. ಆದರೆ ಕೂಲಿ ಮಾತ್ರ ಉಳಿದೆಡೆಯಂತೆ ಏರಲೇಬೇಕು. ಹೀಗಾಗಿ ರೇಡಿಯೊ ಕೊಳ್ಳುವುದು ಅಗ್ಗ, ರೇಡಿಯೊದ ದೋಷ ಹುಡುಕುವುದು ತುಟ್ಟಿ. ಬೀದಿಯ ಕೊನೆಯಲ್ಲಿದ್ದ ರಿಪೇರಿ ಅಂಗಡಿ ಮುಚ್ಚಿದ್ದಕ್ಕೆ ಮೆಕ್ಯಾನಿಕ್ ಸೋಮಾರಿಯಾಗಿದ್ದು ಕಾರಣವಲ್ಲ. ಲೆಕ್ಕ ಅವನ ವಿರುದ್ಧ ತಿರುಗಿತ್ತು.

ಆದರೆ ಈ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ. ಎಸೆದ ವಸ್ತುವಿನ ವೆಚ್ಚವನ್ನು ಎಸೆದವನೂ ಕೊಡುವುದಿಲ್ಲ, ಮಾರಿದವನೂ ಪೂರ್ತಿ ಕೊಡುವುದಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಉಂಟಾದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಒದಗಿದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ಉಳಿದದ್ದರಲ್ಲಿ ಒಂದಿಷ್ಟು, ತಾಮ್ರಕ್ಕಾಗಿ ತಂತಿ ಸುಡುವ ಬಡವರ ಶ್ವಾಸಕೋಶವನ್ನು ಸೇರುತ್ತದೆ. ನಮ್ಮಲ್ಲಿ 2011, 2016 ಮತ್ತು 2022ರಲ್ಲಿ ಇ-ತ್ಯಾಜ್ಯ ನಿಯಮಗಳು ಬಂದವು. ಅವು ಮುಖ್ಯವಾಗಿ ವಸ್ತು ಸತ್ತ ಮೇಲಿನ ಸಂಸ್ಕಾರವನ್ನು ಕುರಿತವು. ಅದು ಸಾಯದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೊದಲಿನ ಕೆಲಸವಲ್ಲವೇ?

ಹೊಸತನ್ನು ಕೊಂಡರೆ ತಾನೇ ಉದ್ಯೋಗ, ಬೆಳವಣಿಗೆ ಎಂದು ಕೇಳುವವರಿದ್ದಾರೆ. ಫ್ರಾನ್ಸಿನ ಬಾಸ್ತಿಯಾ 1850ರಲ್ಲಿಯೇ ಇದಕ್ಕೆ ಉತ್ತರಿಸಿದ್ದ. ಒಡೆದ ಕಿಟಕಿಯಿಂದ ಗಾಜಿನವನಿಗೆ ಕೆಲಸ ಸಿಕ್ಕಿದ್ದು ಕಣ್ಣಿಗೆ ಕಾಣುತ್ತದೆ. ಕಿಟಕಿ ಒಡೆಯದಿದ್ದರೆ ಆ ಹಣ ಚಮ್ಮಾರನಿಗೋ ಪುಸ್ತಕದಂಗಡಿಗೋ ಹೋಗುತ್ತಿದ್ದುದು ಕಾಣುವುದಿಲ್ಲ. ಹಾಗೆ ನೋಡಿದರೆ ನಮ್ಮ ರಾಷ್ಟ್ರೀಯ ವರಮಾನದ ಲೆಕ್ಕವೇ ವಿಚಿತ್ರ. ನಾನು ಮಿಕ್ಸಿ ಎಸೆದು ಹೊಸದು ಕೊಂಡರೆ ಅದು ಬೆಳವಣಿಗೆ. ಆ ಹುಡುಗಿ ಸಂಬಳವಿಲ್ಲದೆ ನನಗೆ ಕಲಿಸಿದ ಒಂದು ಗಂಟೆಯ ಬೆಲೆ ಸೊನ್ನೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು: ಉಚಿತ ರಿಪೇರಿಯಿಂದ ಬೀದಿಬದಿಯ ಮೆಕ್ಯಾನಿಕ್‌ನ ಹೊಟ್ಟೆಗೆ ಹೊಡೆತವಲ್ಲವೇ? ನಾನು ಕಂಡಂತೆ, ಕಾರ್ಯಾಗಾರಕ್ಕೆ ಬರುವ ವಸ್ತುಗಳಲ್ಲಿ ಹೆಚ್ಚಿನವು ಅಂಗಡಿಗಳು ‘ಆಗುವುದಿಲ್ಲ’ ಎಂದು ಹಿಂತಿರುಗಿಸಿದಂಥವು, ಅಥವಾ ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದಂಥವು. ಕಠಿಣವಾದ ಕೆಲಸವನ್ನು ಅಲ್ಲಿನವರು ನುರಿತ ಮೆಕ್ಯಾನಿಕ್‌ಗಳ ಬಳಿಗೇ ಕಳುಹಿಸುತ್ತಾರೆ. ಮೈಕ್ರೊವೇವ್ ಒಲೆಗಳನ್ನು ಹೊಸಬರು ಬಿಚ್ಚುವಂತೆಯೇ ಇಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಪ್ರಾಣಾಂತಿಕ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ರಿಪೇರಿ ಸಾಧ್ಯವೆಂಬ ನಂಬಿಕೆ ಮರಳಿದಾಗ ಮೆಕ್ಯಾನಿಕ್‌ನ ಗಿರಾಕಿಯೂ ಮರಳುತ್ತಾನೆ.

ರಿಪೇರಿಗಿಂತ ನನಗೆ ಮುಖ್ಯವಾಗಿ ಕಂಡದ್ದು ಅಲ್ಲಿನ ಮಕ್ಕಳ ಶಿಬಿರ. ಬೆಲೆಯಲ್ಲಿ ಒಂದು ಕಾಫಿಗಿಂತ ಅಗ್ಗವಾದ, 1972ರಿಂದ ಮಾರುಕಟ್ಟೆಯಲ್ಲಿರುವ 555 ಟೈಮರ್ ಚಿಪ್ ಒಂದು, ಜತೆಗೆ ಎರಡು ರೆಸಿಸ್ಟರ್, ಒಂದು ಕೆಪಾಸಿಟರ್, ಒಂದು ಎಲ್‌ಇಡಿ ಹಾಗೂ ಒಂಬತ್ತು ವೋಲ್ಟಿನ ಬ್ಯಾಟರಿ. ಹತ್ತು ವರ್ಷದ ಮಗು ಇವುಗಳನ್ನು ಜೋಡಿಸಿ ದೀಪ ಮಿಣುಕಿಸುತ್ತದೆ. ದೊಡ್ಡ ಕೆಪಾಸಿಟರ್ ಹಾಕಿದರೆ ಮಿಣುಕು ನಿಧಾನವಾಗುತ್ತದೆ. ಏಕೆಂದು ಕೇಳಿದರೆ, ‘ದೊಡ್ಡ ಬಿಂದಿಗೆ ತುಂಬೋಕೆ ಹೆಚ್ಚು ಹೊತ್ತು ಬೇಕಲ್ವಾ ತಾತ’ ಎಂಬ ಉತ್ತರ ಬರುತ್ತದೆ. ಪರೀಕ್ಷೆಗಾಗಿ ಸೂತ್ರ ಬಾಯಿಪಾಠ ಮಾಡಿದ ನಮ್ಮ ಪೀಳಿಗೆಗೆ ಈ ಭಾಗ್ಯ ಇರಲಿಲ್ಲ. 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್ ಕಾರ್ಖಾನೆಗಳನ್ನು ಕಂಡ ನಗರ ಇದು. ಕೈಕೆಲಸದ ಜಾಣ್ಮೆ ಇಲ್ಲಿನ ಬಡಾವಣೆಗಳಲ್ಲಿ ಹುದುಗಿದೆ. ಆ ಕಾರ್ಖಾನೆಗಳಿಂದ ನಿವೃತ್ತರಾದ ಹಿರಿಯರಿಗಿಂತ ಉತ್ತಮ ಗುರುಗಳು ಬೇಕೆ?

ಕಾನೂನಿನ ದಿಕ್ಕಿನಲ್ಲಿ ಒಂದಿಷ್ಟು ಚಲನೆ ಕಾಣುತ್ತಿದೆ. ಫ್ರಾನ್ಸ್ 2021ರ ಜನವರಿಯಿಂದ ಆಯ್ದ ಉಪಕರಣಗಳ ಮೇಲೆ ಅವುಗಳನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂಬುದಕ್ಕೆ ಹತ್ತರಲ್ಲಿ ಇಂತಿಷ್ಟು ಅಂಕವೆಂದು ನಮೂದಿಸುವುದನ್ನು ಕಡ್ಡಾಯಗೊಳಿಸಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳಿಗೆ ಇಂತಹ ಸೂಚ್ಯಂಕ ರೂಪಿಸುವ ಬಗ್ಗೆ ಮತ್ತೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಇವೆಲ್ಲ ಸ್ವಾಗತಾರ್ಹ. ಆದರೆ ಬಿಚ್ಚುವ ಕೈಗಳೇ ಇಲ್ಲದ ಊರಿನಲ್ಲಿ ಬಿಚ್ಚುವ ಹಕ್ಕಿನಿಂದ ಏನು ಫಲ?

ಆಡಳಿತದಲ್ಲಿದ್ದವನಾಗಿ ನನ್ನದೊಂದು ಸಣ್ಣ ಸಲಹೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜತೆ ಗ್ರಂಥಾಲಯ ಕರವನ್ನು ನಾವು ಕೊಡುತ್ತ ಬಂದಿದ್ದೇವೆ. ಪುಸ್ತಕ ಕೊಳ್ಳಲಾಗದವನಿಗೂ ಪುಸ್ತಕ ಸಿಗಬೇಕೆಂಬುದು ಅದರ ತತ್ವ. ಓದುವ ಕೋಣೆಯ ಪಕ್ಕ ಒಂದು ರಿಪೇರಿ ಕೋಣೆ ಇರಬಾರದೇಕೆ? ನಾಲ್ಕು ಗಟ್ಟಿ ಮೇಜು, ಅರ್ಥಿಂಗ್ ಸರಿಯಿರುವ ವಿದ್ಯುತ್, ಹೊಗೆ ಹೋಗಲು ಒಂದು ಫ್ಯಾನ್, ಬೀಗದ ಕಪಾಟಿನಲ್ಲಿ ಉಪಕರಣ. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ರಜಾದಿನಗಳಲ್ಲಿ ಬೀಗ ಹಾಕಿರುವ ಕೈಗಾರಿಕಾ ತರಬೇತಿ ಸಂಸ್ಥೆಗಳ ಪ್ರಯೋಗಶಾಲೆಗಳನ್ನು ತಿಂಗಳಿಗೊಂದು ಭಾನುವಾರ ತೆರೆದರೂ ಸಾಕು. ಹ್ಯಾಕರ್‌ಸ್ಪೇಸ್‌ಗಳ ದೊಡ್ಡ ದೌರ್ಬಲ್ಯ ಬಾಡಿಗೆ. ಉತ್ಸಾಹಕ್ಕೆ ಕೊರತೆಯಿಲ್ಲ, ಸೂರಿಗೆ ಕೊರತೆ. ಆ ಸೂರನ್ನು ಒದಗಿಸುವುದಷ್ಟೇ ಸರ್ಕಾರದ ಕೆಲಸವಾಗಲಿ. ಉಳಿದದ್ದನ್ನು ನಾಗರಿಕರು ನೋಡಿಕೊಳ್ಳಬಲ್ಲರು.

ಕೆಟ್ಟದ್ದನ್ನೆಲ್ಲ ಎಸೆಯುವ ಅಭ್ಯಾಸ ವಸ್ತುಗಳಿಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ದೋಷ ಎಲ್ಲಿದೆ ಎಂದು ತಾಳ್ಮೆಯಿಂದ ಹುಡುಕಿ, ಅದಷ್ಟನ್ನೇ ಸರಿಪಡಿಸಿ, ಉಳಿದದ್ದನ್ನು ಉಳಿಸಿಕೊಳ್ಳುವ ವಿದ್ಯೆ ಪ್ರಜಾಪ್ರಭುತ್ವಕ್ಕೂ ಬೇಕಾದದ್ದೇ. ಅದನ್ನು ಕಲಿಯಲು ಒಂದು ಮೇಜು, ಒಂದು ಸ್ಕ್ರೂಡ್ರೈವರ್, ಪಕ್ಕದಲ್ಲಿ ಕುಳಿತು ಹೇಳಿಕೊಡುವ ಒಬ್ಬರು ಇದ್ದರೆ ಆರಂಭಕ್ಕೆ ಸಾಕು.