ಸೈನಿಕನಿಗೆ ಕೈಯಾದ ನಾಯಿ: ಕಲಿಸಿದ್ದು ಹೇಗೆ?

ಅಂಗಡಿ ಮೆಟ್ಟಿಲು ಹತ್ತಿದ ನಾಯಿ ಕಂಡರೆ ಯಾವ ವ್ಯಾಪಾರಿಯ ಕೈಯಾದರೂ ಮೊದಲು ಹೋಗುವುದು ಕೋಲಿನ ಕಡೆಗೆ. ತಪ್ಪೇನೂ ಇಲ್ಲ ಬಿಡಿ. ಬೆಲ್ಲದ ಡಬ್ಬ, ಅಕ್ಕಿ ಮೂಟೆ ಕಾಯಬೇಕಾದವರು ಅವರೇ ತಾನೆ? ಆದರೆ ಇಂಗ್ಲೆಂಡಿನಲ್ಲಿ ಎಂಡಲ್ ಅಂತ ಒಂದು ಲ್ಯಾಬ್ರಡಾರ್ ನಾಯಿ ಇತ್ತು. ಅದು ರಾಜಾರೋಷವಾಗಿ ಅಂಗಡಿಯೊಳಕ್ಕೆ ಬರುತ್ತಿತ್ತು. ಶೆಲ್ಫಿನಿಂದ ಸಾಮಾನು ಬಾಯಲ್ಲಿ ಹಿಡಿದು ತೆಗೆಯುತ್ತಿತ್ತು. ಹಲ್ಲಿನ ಗುರುತು ಕೂಡ ಬೀಳುತ್ತಿರಲಿಲ್ಲ. ಯಾರೂ ಹಚಾ ಅನ್ನಲಿಲ್ಲ. ಏಕೆಂದರೆ ಅದರ ಪಕ್ಕದಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ಮಾಜಿ ಸೈನಿಕ ಇದ್ದರು.

ಕಾಲಿನ ಜೊತೆ ನೆನಪೂ ಹೋಯ್ತು

ಆಲನ್ ಪಾರ್ಟನ್ ಬ್ರಿಟಿಷ್ ನೌಕಾಪಡೆಯವರು. 1991ರಲ್ಲಿ ಗಲ್ಫ್ ಯುದ್ಧದ ಸೇವೆಗೆ ಹೋಗಿದ್ದಾಗ ತಲೆಗೆ ಭಾರೀ ಪೆಟ್ಟು ಬಿತ್ತು. ಗಾಲಿಕುರ್ಚಿಯೇ ಗತಿಯಾಯಿತು, ಮಾತು ನಿಂತಿತು. ಅದಕ್ಕಿಂತ ಕ್ರೂರವಾದದ್ದು ನೆನಪಿನ ಕಥೆ. ಹೆಂಡತಿ ಸಾಂಡ್ರಾ ಎದುರಿಗೆ ನಿಂತಿದ್ದಾರೆ, ಆಕೆಯನ್ನು ಮದುವೆಯಾದದ್ದು ನೆನಪಿಲ್ಲ. ಇಬ್ಬರು ಮಕ್ಕಳು ಮನೆಯಲ್ಲಿ ಓಡಾಡುತ್ತಿದ್ದಾರೆ, ಅವರು ಹುಟ್ಟಿದ್ದು ನೆನಪಿಲ್ಲ. ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕಳೆದರು. ಮನುಷ್ಯ ಬದುಕೇ ಬೇಡ ಅನ್ನುವ ಸ್ಥಿತಿಗೆ ಬಂದಿದ್ದರು. ಸರ್ಕಾರ ಪಿಂಚಣಿ ಕೊಡುತ್ತೆ, ಪದಕ ಕೊಡುತ್ತೆ. ಕೈಜಾರಿ ಬಿದ್ದ ಟವೆಲ್ಲು ಎತ್ತಿಕೊಡೋಕೆ ಪದಕ ಎದ್ದು ಬರುತ್ತದೆಯೇ?

ಸಾಂಡ್ರಾ ಆಗ ಅಂಗವಿಕಲರಿಗಾಗಿ ನಾಯಿ ತಯಾರು ಮಾಡುವ ‘ಕೆನೈನ್ ಪಾರ್ಟ್‌ನರ್ಸ್’ ಸಂಸ್ಥೆಗೆ ಮರಿ ಸಾಕಿಕೊಡುವ ಸೇವೆ ಮಾಡುತ್ತಿದ್ದರು. 1997ರಲ್ಲಿ ಒಂದು ದಿನ ಆಲನ್ ಅವರನ್ನು ಆರೈಕೆ ಕೇಂದ್ರಕ್ಕೆ ಕರೆದೊಯ್ಯುವ ಗಾಡಿ ಬರಲಿಲ್ಲ. ಮನೆಯಲ್ಲಿ ಒಬ್ಬರನ್ನೇ ಬಿಡುವಂತಿಲ್ಲ. ಆಕೆ ನಾಯಿ ತರಬೇತಿಯ ಜಾಗಕ್ಕೇ ಕರೆದುಕೊಂಡು ಹೋದರು. ಅಲ್ಲಿದ್ದ ಎಂಡಲ್‌ಗೆ ಮುಂಗಾಲಿನ ಕೀಲಿನ ತೊಂದರೆ. ಪಾಸಾಗುತ್ತದೋ ಇಲ್ಲವೋ ಅಂತ ತರಬೇತುದಾರರಿಗೇ ಅನುಮಾನ. ಕುಂಟು ನಾಯಿ ಬಿದ್ದ ವಸ್ತು ಎತ್ತಿ ತಂದು ಆಲನ್ ತೊಡೆಯ ಮೇಲಿಟ್ಟಿತು. ಆಲನ್ ಬೆನ್ನು ಚಪ್ಪರಿಸಲಿಲ್ಲ, ನೋಡಲೂ ಇಲ್ಲ. ನಾಯಿ ಬಿಡಬೇಕಲ್ಲ! ಕಲಿಕೆಗೆಂದು ಜೋಡಿಸಿಟ್ಟ ಸುಳ್ಳು ಅಂಗಡಿಯ ಶೆಲ್ಫಿನಿಂದ ಒಂದಾದ ಮೇಲೊಂದು ಸಾಮಾನು ತಂದು ಗುಡ್ಡೆ ಹಾಕಿತು. ಕೊನೆಗೆ ಆ ಮುಖದಲ್ಲಿ ನಗು ಬಂತು.

ತಿಂಡಿ, ಶಾಭಾಸ್, ತಾಳ್ಮೆ

ಈ ನಾಯಿಗಳ ಕಲಿಕೆಯಲ್ಲಿ ಹೊಡೆತಕ್ಕೆ ಜಾಗವಿಲ್ಲ. ಎಂಟು ವಾರದ ಮರಿಯನ್ನು ಯಾವುದೋ ಸಂಸಾರದಲ್ಲಿ ಬಿಡುತ್ತಾರೆ. ಒಂದು ವರ್ಷಕ್ಕೂ ಮೇಲೆ ಅದು ಅಲ್ಲೇ ಬೆಳೆಯುತ್ತೆ. ಬಸ್ಸಿನ ಸದ್ದು, ಸಂತೆಯ ಗದ್ದಲ, ಮಾಂಸದಂಗಡಿಯ ವಾಸನೆ, ಎಲ್ಲಕ್ಕೂ ‘ಅದು ನನಗಲ್ಲ’ ಅಂತ ಸುಮ್ಮನಿರುವುದೇ ಮೊದಲ ಪಾಠ. ಹೇಳಿದಾಗ ಹೇಳಿದ ಜಾಗದಲ್ಲೇ ಮೂತ್ರ ಮಾಡುವುದೂ ಪಾಠದಲ್ಲಿ ಸೇರಿದೆ. ನಮ್ಮ ಬಸ್ ಸ್ಟ್ಯಾಂಡಿನ ಗೋಡೆ ಬಳಸುವ ಕೆಲವು ಮನುಷ್ಯರಿಗೂ ಇದನ್ನು ಕಲಿಸಬಹುದಿತ್ತು!

ಆಮೇಲೆ ಕೆಲಸದ ಪಾಠ. ಬಾಗಿಲು ತೆಗೆಯುವುದನ್ನು ಒಂದೇ ಸಲ ಕಲಿಸೋಲ್ಲ. ಮೊದಲು ಹಗ್ಗದ ತುಂಡು ಕೊಟ್ಟು ಎಳೆದಾಡುವ ಆಟ. ಎಳೆದರೆ ಒಂದು ತುಣುಕು ತಿಂಡಿ, ಒಂದು ಶಾಭಾಸ್. ನಾಲ್ಕು ದಿನ ಬಿಟ್ಟು ಅದೇ ಹಗ್ಗವನ್ನು ಬಾಗಿಲ ಹಿಡಿಗೆ ಕಟ್ಟುತ್ತಾರೆ. ನಾಯಿ ತನ್ನ ಆಟ ಆಡುತ್ತೆ, ಬಾಗಿಲು ತೆರೆದುಕೊಳ್ಳುತ್ತೆ. ಲೈಟಿನ ಸ್ವಿಚ್ಚಿಗೂ ಹೀಗೇ: ಮೊದಲು ಕೈಯಲ್ಲಿ ಹಿಡಿದ ಗುರಿಗೆ ಮೂಗು ತಾಗಿಸುವುದು, ಬಳಿಕ ಆ ಗುರಿಯನ್ನೇ ಗೋಡೆಗೆ ಸರಿಸುವುದು. ಎಷ್ಟೋ ಮರಿಗಳು ಮಧ್ಯದಲ್ಲೇ ಫೇಲು. ಅವು ಮನೆನಾಯಿಗಳಾಗಿ ಹಾಯಾಗಿರುತ್ತವೆ.

ಎಲ್ಲ ಜಾತಿಗೂ ಈ ಕೆಲಸ ಒಗ್ಗೋಲ್ಲ. ನಮ್ಮ ಮುಧೋಳದ ಮರಿಗಳನ್ನು 2016ರಲ್ಲಿ ಸೇನೆ ಮೀರತ್‌ಗೆ ತರಬೇತಿಗೆ ಒಯ್ದಿತು, ಹೆಮ್ಮೆಯ ಮಾತೇ. ಆದರೆ ಮುಧೋಳ ಓಡುವ ಮೊಲ ಕಂಡರೆ ಹಿಂದೆ ಬೀಳುವ ಬೇಟೆನಾಯಿ. ಲ್ಯಾಬ್ರಡಾರ್ ಹಾಗಲ್ಲ. ಬೇಟೆಗಾರ ಹೊಡೆದ ಹಕ್ಕಿಯನ್ನು ಪುಕ್ಕ ಕೆಡದಂತೆ ಬಾಯಲ್ಲಿ ತರುವುದು ಅದರ ವಂಶದ ಕಸುಬು. ಹಕ್ಕಿಯ ಬದಲು ಕನ್ನಡಕ ತಾ ಅಂದರೆ ಅದಕ್ಕೆ ಕಷ್ಟವಿಲ್ಲ.

ಮಾತು ಬಾರದ ಆಲನ್ ಎಂಡಲ್‌ಗೆ ಕಲಿಸಿದ್ದು ಕೈಸನ್ನೆಯಲ್ಲಿ. ತಲೆ ಮುಟ್ಟಿದರೆ ಟೋಪಿ, ಕೆನ್ನೆ ಮುಟ್ಟಿದರೆ ರೇಜರ್. ಇಂಥ ಸನ್ನೆಗಳು ನೂರಕ್ಕೂ ಮಿಕ್ಕಿದವು. ಬಟ್ಟೆ ಒಗೆಯುವ ಮೆಷಿನ್ನಿನಿಂದ ಬಟ್ಟೆ ಎಳೆದುಕೊಡುತ್ತಿತ್ತು. ಎ.ಟಿ.ಎಂ.ನಿಂದ ಕಾರ್ಡನ್ನೂ ನೋಟನ್ನೂ ಬಾಯಲ್ಲಿ ತೆಗೆದು ಕೈಗೆ ಕೊಡುತ್ತಿತ್ತು. ನಾಯಿಗೆ ಸನ್ನೆ ಕಲಿಸುತ್ತ ಕಲಿಸುತ್ತ ಆಲನ್‌ಗೆ ನಿಧಾನವಾಗಿ ಮಾತೂ ಮರಳಿತು. ಹೆಂಡತಿಯ ಜೊತೆ ಮಾತಾಡಿದರು, ಮಕ್ಕಳ ಜೊತೆ ಮಾತಾಡಿದರು. ಡಾಕ್ಟರಿಂದ ಆಗದ್ದು ನಾಯಿಯಿಂದ ಆಯಿತು ಅಂತ ಬೀಗಬೇಕಿಲ್ಲ. ಡಾಕ್ಟರು ಮನೆಗೆ ಬಂದು ಟೋಪಿ ತಂದುಕೊಡೋಲ್ಲ, ಅಷ್ಟೇ.

2001ರಲ್ಲಿ ಬರ್ಮಿಂಗ್‌ಹ್ಯಾಂ ಊರಿನ ಹೋಟೆಲೊಂದರ ಕಾರು ನಿಲ್ಲಿಸುವ ಜಾಗದಲ್ಲಿ ಕಾರೊಂದು ಬಡಿದು ಆಲನ್ ಗಾಲಿಕುರ್ಚಿಯಿಂದ ಉರುಳಿ ಪ್ರಜ್ಞೆ ತಪ್ಪಿದರು. ಎಂಡಲ್ ಅವರನ್ನು ಉಸಿರಾಟಕ್ಕೆ ಅನುಕೂಲವಾಗುವಂತೆ ಮಗ್ಗುಲಿಗೆ ಎಳೆಯಿತು. ಕಂಬಳಿ ತಂದು ಹೊದಿಸಿತು. ಕಾರಿನಡಿ ಸೇರಿದ್ದ ಮೊಬೈಲ್ ಫೋನು ಹುಡುಕಿ ಮುಖದ ಹತ್ತಿರ ಇಟ್ಟಿತು. ಎಚ್ಚರವಾದದ್ದು ಕಂಡ ಮೇಲೆ ಹೋಟೆಲಿಗೆ ಓಡಿ ಜನ ಕರೆಯಿತು. ಇಷ್ಟನ್ನೂ ಸನ್ನೆ ಮಾಡಿ ಹೇಳೋಕೆ ಯಜಮಾನರಿಗೆ ಪ್ರಜ್ಞೆ ಎಲ್ಲಿತ್ತು? 2002ರಲ್ಲಿ ಪಿ.ಡಿ.ಎಸ್.ಎ. ಸಂಸ್ಥೆ ಎಂಡಲ್‌ಗೆ ಚಿನ್ನದ ಪದಕ ಕೊಟ್ಟಿತು.

ಅಂಗಡಿಯವರಿಗೂ ಪಾಠ

ನಾಯಿ ಎಷ್ಟೇ ಕಲಿತರೂ ಬಾಗಿಲಲ್ಲಿ ‘ಒಳಗೆ ಬಿಡೋಲ್ಲ’ ಅಂದರೆ ಎಲ್ಲ ಹೊಳೆಗೆ ಹುಣಸೆಹಣ್ಣು. ನಾಯಿ ಹೊರಗೆ ಅಂದರೆ ಸೈನಿಕನೂ ಹೊರಗೇ. ಅದಕ್ಕೇ ಬ್ರಿಟನ್ನಿನಲ್ಲಿ ಕಾನೂನು ಬಂತು. 2010ರ ಸಮಾನತೆ ಕಾಯ್ದೆಯ ಪ್ರಕಾರ ಅಂಗಡಿ, ಹೋಟೆಲಿನವರು ಇಂಥ ನಾಯಿಯ ನೆಪ ಹೇಳಿ ಅಂಗವಿಕಲರನ್ನು ಬಾಗಿಲಲ್ಲೇ ತಡೆಯುವಂತಿಲ್ಲ. ಟ್ಯಾಕ್ಸಿಯವರು ನಾಯಿಯನ್ನು ಹತ್ತಿಸಿಕೊಳ್ಳಬೇಕು, ಅದಕ್ಕೆಂದು ಒಂದು ಕಾಸೂ ಜಾಸ್ತಿ ಕೇಳುವಂತಿಲ್ಲ. ಡ್ರೈವರಿಗೆ ನಾಯಿಯಿಂದ ಕಾಯಿಲೆಯಾಗುವಂತಿದ್ದರೆ ಮಾತ್ರ ಸರ್ಟಿಫಿಕೇಟು ತೋರಿಸಿ ಬಿಡುಗಡೆ. ಇನ್ನು ಗಿರಾಕಿಗಳು ಇಂಥ ನಾಯಿಗೆ ಬಿಸ್ಕತ್ತು ಹಾಕಬಾರದು, ಮುದ್ದು ಮಾಡಬಾರದು. ಡ್ಯೂಟಿ ಮೇಲಿರುವ ಡ್ರೈವರನ್ನು ಮಾತಿಗೆಳೆದಂತೆ ಅದು.

ಎಂಡಲ್ 2009ರ ಮಾರ್ಚ್‌ನಲ್ಲಿ ತೀರಿಕೊಂಡಿತು, ಹದಿಮೂರು ವರ್ಷದ ಮುದಿ ನಾಯಿ. ಅದು ಇರುವಾಗಲೇ ಇ.ಜೆ. ಅನ್ನುವ ಮರಿ ಮನೆಗೆ ಬಂದಿತ್ತು, ಅಂದರೆ ಎಂಡಲ್ ಜೂನಿಯರ್. 2010ರಲ್ಲಿ ಆಲನ್ ‘ಹೌಂಡ್ಸ್ ಫಾರ್ ಹೀರೋಸ್’ ಎಂಬ ಸಂಸ್ಥೆ ಕಟ್ಟಿದರು. ಗಾಯಗೊಂಡ ಸೈನಿಕರಿಗೆ ನಾಯಿ ತಯಾರು ಮಾಡಿಕೊಡುವುದೇ ಅದರ ಕೆಲಸ.