ಜೀನ್ಸ್ ಉಡುಪು: ಬೆಲೆಯೂ ಬಾಳಿಕೆಯೂ

ವಸ್ತ್ರವು ಮೊದಲು ಮಾನರಕ್ಷಣೆಗೆ, ಅನಂತರ ಅಲಂಕಾರಕ್ಕೆ. ಅಂತಸ್ತಿನ ಪ್ರದರ್ಶನವೆಂಬ ಮೂರನೆಯ ಪ್ರಯೋಜನವೂ ಬಹುಕಾಲದಿಂದ ಇವೆರಡರ ಬೆನ್ನಿಗೇ ಬಂದಿದೆ. ದಾವಣಗೆರೆಯ ಜವಳಿ ಅಂಗಡಿಗಳಲ್ಲಿ ಸಾವಿರ ರೂಪಾಯಿಯ ಆಸುಪಾಸಿಗೆ ದೊರೆಯುವ ಜೀನ್ಸ್ ಪ್ಯಾಂಟು, ಹೆಸರಾಂತ ಕಂಪನಿಯ ಚೀಟಿ ಹೊತ್ತೊಡನೆ ಐದಾರು ಸಾವಿರಕ್ಕೆ ಏರುತ್ತದೆ. ಹೆಚ್ಚಾಗಿ ತೆತ್ತ ಹಣಕ್ಕೆ ತಕ್ಕ ಪ್ರತಿಫಲವುಂಟೆ ಎಂಬ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಮೆಕ್ಕೆಜೋಳ ಮಾರಿ ಮಗನನ್ನು ಓದಿಗೆ ಕಳುಹಿಸುವ ರೈತನಿಗೂ, ಸಹಪಾಠಿಗಳ ಉಡುಪನ್ನು ಕಂಡು ಪ್ರಸಾದನಿಲಯದಲ್ಲಿ ಕುಗ್ಗಿ ಕೂರುವ ಬಾಲಕನಿಗೂ ಇದು ಕ್ಷುಲ್ಲಕವಲ್ಲ. ಆದುದರಿಂದ ಇದನ್ನು ಕೂಲಂಕಷವಾಗಿ ವಿವೇಚಿಸುವುದು ಉಚಿತ.

ಜೀನ್ಸ್ ಹುಟ್ಟಿದ್ದು ದುಡಿಯುವವರಿಗಾಗಿ. ಅಮೆರಿಕದ ನೆವಾಡಾ ಪ್ರಾಂತದ ದರ್ಜಿ ಜೇಕಬ್ ಡೇವಿಸ್ ಎಂಬಾತನು ಕೂಲಿಕಾರರ ಷರಾಯಿಯ ಜೇಬುಗಳು ಹರಿಯದಂತೆ ಮೂಲೆಗಳಿಗೆ ಲೋಹದ ಮೊಳೆ ಬಡಿಯುವ ಉಪಾಯವನ್ನು ಕಂಡುಕೊಂಡನು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಜವಳಿ ವ್ಯಾಪಾರಿ ಲೆವಿ ಸ್ಟ್ರಾಸ್‌ನೊಡನೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದನು. ಬಟ್ಟೆಯ ಹೆಸರಾದ ಡೆನಿಮ್ ಎಂಬುದನ್ನು ಫ್ರಾನ್ಸಿನ ನೀಮ್ ಪಟ್ಟಣದೊಡನೆಯೂ, ಜೀನ್ ಎಂಬುದನ್ನು ಇಟಲಿಯ ಜಿನೋವಾದೊಡನೆಯೂ ಸಂಬಂಧಿಸುವುದುಂಟು. ಇದೇ ಬಗೆಯ ಒರಟು ಬಟ್ಟೆಗೆ ಆಂಗ್ಲರು ಇಟ್ಟ ಡಂಗರಿ ಎಂಬ ಹೆಸರು ನಮ್ಮ ಮುಂಬಯಿಯ ಡೋಂಗ್ರಿಯಿಂದ ಬಂದದ್ದು. ಮೂರು ಹೆಸರುಗಳೂ ಗಟ್ಟಿಮುಟ್ಟಾದ ಬಟ್ಟೆಯನ್ನೇ ಸೂಚಿಸುತ್ತವೆ. ಬಾಳಿಕೆಯೇ ಇದರ ಮೂಲಗುಣ. ಮೌಲ್ಯನಿರ್ಣಯವೂ ಆ ಗುಣದಿಂದಲೇ ಆಗತಕ್ಕದ್ದು.

ಪ್ಯಾಂಟಿನ ಬೆಲೆಯಲ್ಲಿ ಬಟ್ಟೆ, ಹೊಲಿಗೆ, ತೊಳೆತ, ಹೆಸರು ಎಂಬ ನಾಲ್ಕು ಅಂಶಗಳಿವೆ. ಒಂದೊಂದನ್ನೂ ಬೇರ್ಪಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಬಟ್ಟೆಯ ವಿಚಾರ ದಾವಣಗೆರೆಗೆ ಹೊಸದಲ್ಲ. ಹತ್ತಿ ಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರು ಪಡೆದಿದ್ದ ಊರಿದು. ಡೆನಿಮ್‌ನಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿಯ ಬಣ್ಣ. ಹೊಕ್ಕಿನ ನೂಲು ಬಿಳಿಯದು. ಹೊಕ್ಕಿನ ಎಳೆ ಮೂರು ಹಾಸಿನೆಳೆಗಳ ಕೆಳಗೆ ನುಸುಳಿ ಒಂದರ ಮೇಲೆ ಬರುವುದರಿಂದ ಹೊರಮೈ ನೀಲಿಯಾಗಿಯೂ ಒಳಮೈ ಬಿಳಿಚಾಗಿಯೂ ಕಾಣುತ್ತದೆ. ಮೇಲೆ ಓರೆಗೆರೆಗಳು ಮೂಡುತ್ತವೆ. ನೀಲಿಯು ನೂಲಿನ ಒಡಲಿಗೆ ಪೂರ್ತಿ ಇಳಿಯದೆ ಹೊರಪದರದಲ್ಲಿಯೇ ನಿಲ್ಲುವುದರಿಂದ ಉಜ್ಜಿದೆಡೆಯಲ್ಲಿ ಬಿಳುಪೇರುತ್ತದೆ. ಚದರ ಗಜಕ್ಕೆ 12ರಿಂದ 14 ಔನ್ಸ್ ತೂಗುವ ಅಪ್ಪಟ ಹತ್ತಿಯ ಡೆನಿಮ್ ದಿನಬಳಕೆಗೆ ಸಾಕಷ್ಟು ಗಟ್ಟಿ. ಹಿಗ್ಗುವ ಗುಣಕ್ಕಾಗಿ ಬೆರೆಸುವ ಎಲಾಸ್ಟೇನ್ ಎಳೆಯು ಮೈಗೆ ಹಿತವಾದರೂ ಬಿಸಿಗೂ ಬಳಕೆಗೂ ಕಾಲಕ್ರಮದಲ್ಲಿ ಸೊರಗುತ್ತದೆ. ಈಚೆಗೆ ಕೆಲವು ಡೆನಿಮ್‌ಗಳಲ್ಲಿ ಹತ್ತಿಯೊಡನೆ ವಿಸ್ಕೋಸ್ ಕೂಡ ಬೆರೆಯುತ್ತದೆ. ಮರದ ತಿರುಳಿನಿಂದಾಗುವ ಆ ನಾರಿನ ತಯಾರಿಕೆ ಹರಿಹರದ ಎದುರು ದಡದ ಕುಮಾರಪಟ್ಟಣದವರಿಗೆ ಚಿರಪರಿಚಿತ. ಯಾವುದು ಎಷ್ಟು ಬೆರೆತಿದೆ ಎಂಬುದನ್ನು ಒಳಗಿನ ಚೀಟಿಯಲ್ಲಿ ಓದಿಕೊಳ್ಳಬಹುದು.

ಎರಡನೆಯದು ಹೊಲಿಗೆ. ಜೀನ್ಸ್ ಮೊದಲು ಸವೆಯುವುದು ಎರಡು ಕಾಲುಗಳು ಕೂಡುವೆಡೆಯಲ್ಲಿ. ಅಲ್ಲಿ ಅಂಚುಗಳನ್ನು ಒಂದರೊಳಗೊಂದು ಮಡಿಸಿ ಜೋಡಿಹೊಲಿಗೆ ಹಾಕಿದ್ದರೆ, ಜೇಬಿನ ಮೂಲೆಗಳು ಬಿಗಿಯಾಗಿದ್ದರೆ, ಜಿಪ್ಪು ಸಲೀಸಾಗಿ ಓಡಿದರೆ ಅದಕ್ಕೆ ನೂರಿನ್ನೂರು ರೂಪಾಯಿ ಹೆಚ್ಚು ಕೊಡುವುದು ನ್ಯಾಯ. ಒಳ್ಳೆಯ ಬಟ್ಟೆಗೂ ಒಳ್ಳೆಯ ಹೊಲಿಗೆಗೂ ಖರ್ಚು ಉಂಟು. ಅತಿ ಅಗ್ಗದ ಮಾಲು ಇವೆರಡರಲ್ಲೇ ಕಡಿಮೆ ಮಾಡಿರುತ್ತದೆ.

ಮೂರನೆಯದಾದ ತೊಳೆತದಲ್ಲಿ ವಿಪರೀತ ಆರಂಭವಾಗುತ್ತದೆ. ಹೊಸ ಬಟ್ಟೆಯನ್ನು ರಂಧ್ರಮಯವಾದ ಹಗುರ ಕಲ್ಲುಗಳೊಡನೆ ಯಂತ್ರದಲ್ಲಿ ಉರುಳಿಸಿ, ಬಣ್ಣಗೆಡಿಸುವ ರಾಸಾಯನಿಕ ಸವರಿ, ಮೊಣಕಾಲಲ್ಲಿ ಕೆರೆದು ಹರಿದು, ಹಳತೆಂಬಂತೆ ತೋರಿಸುವರು. ಇದಕ್ಕೆ ಬಟ್ಟೆಯ ಆಯುಷ್ಯವೇ ವೆಚ್ಚವಾಗುತ್ತದೆ. ಕೊಳ್ಳುವವನು ಆ ನಷ್ಟಕ್ಕೆ ಹೆಚ್ಚಿನ ಬೆಲೆಯನ್ನೂ ತೆರುತ್ತಾನೆ. ಮರಳನ್ನು ರಭಸದಿಂದ ಊದಿ ಬಣ್ಣ ಕೆಡಿಸುವ ಕ್ರಮದಿಂದ ಕಾರ್ಮಿಕರ ಶ್ವಾಸಕೋಶಗಳು ಹಾಳಾದುದರಿಂದ ತುರ್ಕಿ ದೇಶವು 2009ರಲ್ಲಿ ಅದನ್ನು ನಿಷೇಧಿಸಿತು. ನಮ್ಮ ನಾಡಿನಲ್ಲಿ ಜೀನ್ಸ್‌ಗೆ ಹೆಸರಾದ ಊರು ಬಳ್ಳಾರಿ. ಅಲ್ಲಿ ಅನೇಕ ಕುಟುಂಬಗಳು ಈ ಹೊಲಿಗೆಯಿಂದಲೇ ಜೀವಿಸುತ್ತವೆ. ತೊಳೆತದ ಬಣ್ಣದ ನೀರು ಅಲ್ಲಿ ದೊಡ್ಡ ಸಮಸ್ಯೆಯೂ ಆಗಿದೆ. ಹರಿಹರವನ್ನು ದಾಟಿದ ತುಂಗಭದ್ರೆಯೇ ಹೊಸಪೇಟೆಯ ಬಳಿ ಅಣೆಕಟ್ಟಿನಲ್ಲಿ ನಿಂತು, ಕಾಲುವೆಗಳ ಮೂಲಕ ಬಳ್ಳಾರಿ ಸೀಮೆಗೆ ಹರಿಯುವಳು. ಒಂದು ಷರಾಯಿಯ ಕೃತಕ ಮುಪ್ಪಿಗಾಗಿ ಅಂಥ ನೀರು ಕೆಡುವುದಾದರೆ, ಆ ವೆಚ್ಚ ಯಾವ ಬೆಲೆಚೀಟಿಯಲ್ಲಿಯೂ ಕಾಣುವುದಿಲ್ಲ.

ಶರಣಪರಂಪರೆಯಲ್ಲಿ ಜೇಡರ ದಾಸಿಮಯ್ಯನವರದು ನೇಯ್ಗೆಯ ಕಾಯಕ, ಮಡಿವಾಳ ಮಾಚಿದೇವರದು ಮಡಿ ಮಾಡುವ ಕಾಯಕ. ಮಡಿ ಮಾಡುವುದೆಂದರೆ ಬಟ್ಟೆಯನ್ನು ಉಳಿಸಿ ಕೊಳೆಯನ್ನು ಕಳೆಯುವುದು. ಬಟ್ಟೆಯನ್ನೇ ಕಳೆಯುವ ತೊಳೆತಕ್ಕೆ ಆ ಗೌರವದ ಹೆಸರು ಸಲ್ಲದು.

ನಾಲ್ಕನೆಯದು ಹೆಸರು. ಹೆಸರು ಸರಕಿನ ಗುಣಕ್ಕೆ ಒಂದು ಮಟ್ಟಿನ ಭರವಸೆ ಕೊಡಬಲ್ಲದೆಂಬುದು ನಿಜ. ಅಳತೆಯಲ್ಲಿ ಏಕರೂಪತೆ, ದೋಷವಿದ್ದರೆ ಬದಲಿ ಕೊಡುವ ಅನುಕೂಲ ಇವನ್ನು ಅಲ್ಲಗಳೆಯಲಾಗದು. ಆದರೆ ಲೆಕ್ಕವನ್ನೂ ನೋಡಬೇಕು. ಸಾವಿರ ರೂಪಾಯಿಯ ಪ್ಯಾಂಟು ಎರಡು ವರ್ಷ ಬಾಳಿದರೆ ವರ್ಷಕ್ಕೆ ಬೀಳುವ ಖರ್ಚು 500 ರೂಪಾಯಿ. ಆರು ಸಾವಿರದ್ದು ಅದಕ್ಕೆ ಸರಿತೂಗಬೇಕಾದರೆ 12 ವರ್ಷ ಬಾಳಬೇಕು. ಬಟ್ಟೆ ಅಷ್ಟು ಕಾಲ ತಾಳಿದರೂ ಬೆಳೆಯುವ ಹುಡುಗನ ಸೊಂಟ ತಾಳಲಾರದು! ಸಾಲದುದಕ್ಕೆ, 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಸರಕು ಮತ್ತು ಸೇವಾ ತೆರಿಗೆ ಶೇಕಡ 5, ಅದನ್ನು ಮೀರಿದುದಕ್ಕೆ ಶೇಕಡ 18. ತೆರಿಗೆಗೆ ಮುನ್ನ 6,000 ರೂಪಾಯಿ ಬೆಲೆಯಿರುವ ಉಡುಪಿನ ಮೇಲಣ ತೆರಿಗೆಯೇ 1,080 ರೂಪಾಯಿ. ಆ ಹಣದಲ್ಲಿ ಒಂದು ಸಾದಾ ಜೀನ್ಸ್ ಬಂದೀತು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ಬಟ್ಟೆಗೂ ಹೊಲಿಗೆಗೂ ಕೊಟ್ಟ ಹಣ ಸಾರ್ಥಕ. ಒಂದು ಮಿತಿಯ ಆಚೆಗೆ ಹೆಸರಿಗೆ ಕೊಟ್ಟದ್ದು ವಿಲಾಸ. ಹರಕಿಗೆ ಕೊಟ್ಟದ್ದು ವ್ಯರ್ಥ. ಉಳ್ಳವರು ವಿಲಾಸಕ್ಕೆ ವೆಚ್ಚ ಮಾಡುವುದು ಅವರವರ ಇಚ್ಛೆ. ಆದರೆ ಉಡುಪಿನ ಚೀಟಿಯಿಂದ ಬಾಲಕರ ಯೋಗ್ಯತೆಯನ್ನು ಅಳೆಯುವ ರೂಢಿ ತರಗತಿಯೊಳಗೆ ಕಾಲಿಡದಂತೆ ನೋಡಿಕೊಳ್ಳುವುದು ಉಪಾಧ್ಯಾಯರ ಹೊಣೆ. ಕಡುನೀಲಿಯ, ಕೆರೆಯದ, ಗಟ್ಟಿ ಹೊಲಿಗೆಯ ಸಾದಾ ಪ್ಯಾಂಟನ್ನು ಆರಿಸಿ, ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆದು, ನೆರಳಿನಲ್ಲಿ ಒಣಗಿಸಿದರೆ ಅದು ವರ್ಷಗಟ್ಟಲೆ ಬರುತ್ತದೆ. ಮೊಣಕಾಲಿನ ಬಿಳುಪು ಆಗ ತಾನಾಗಿಯೇ ಮೂಡುತ್ತದೆ; ಅದಕ್ಕೆ ಯಾರಿಗೂ ಬೆಲೆ ಕೊಡಬೇಕಾಗಿಲ್ಲ.